ವಿದ್ಯಾರ್ಥಿಗಳೇ ನಡೆಸುವ ಜರ್ನಲ್‌ಗೆ ಸೇರಬೇಕಾ? ಅನುಭವ ಇದ್ದವರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವಳು. ಸೆಪ್ಟೆಂಬರ್‌ನಲ್ಲಿ ಲಂಡನ್‌ಗೆ ಬಂದು ಅಂತರರಾಷ್ಟ್ರೀಯ ಸಂಬಂಧಗಳ ಮಾಸ್ಟರ್ಸ್ ಸೇರಿದ್ದೇನೆ. 1 ವರ್ಷದ ಕೋರ್ಸ್. ನಮ್ಮ ವಿಭಾಗದಲ್ಲಿ ವಿದ್ಯಾರ್ಥಿಗಳೇ ಸೇರಿ ಹೊರತರುವ ಜರ್ನಲ್ ಒಂದಿದೆ, ಸಂಪಾದಕ ಮಂಡಳಿಗೆ ಬಾ ಅಂತ ಕರೆದಿದ್ದಾರೆ. ನಿಜವಾಗಿ ಅಲ್ಲಿ ಏನು ಕೆಲಸ ಇರುತ್ತೆ? ಓದಿಗೆ ಸಮಯ ಉಳಿಯುತ್ತಾ? 20 ವರ್ಷ ಪಾಠ ಮಾಡಿದವರ ಲೇಖನಕ್ಕೆ ನನ್ನಂಥವಳು 'ಬೇಡ' ಅನ್ನುವುದು ಹೇಗೆ? ಇದೇ ಯೋಚನೆಯಲ್ಲಿ ನಿದ್ದೆ ಬರುತ್ತಿಲ್ಲ. ಮಾಡಿದವರಿದ್ದರೆ ದಯವಿಟ್ಟು ತಿಳಿಸಿ.

ಶಿವಮೊಗ್ಗದಿಂದ

ಖಂಡಿತ ಸೇರಮ್ಮ. ನಾನು ಇಂಗ್ಲೆಂಡಿನಲ್ಲಿ ಪಿಎಚ್‌ಡಿ ಮಾಡುವಾಗ ಇಂಥದ್ದೇ ಒಂದು ಜರ್ನಲ್‌ನಲ್ಲಿ 2 ವರ್ಷ ಇದ್ದೆ. ಈಗ ಊರಿಗೆ ಬಂದು ಪಾಠ ಮಾಡುತ್ತಿದ್ದೇನೆ.

ಮೊದಲು ನಿನ್ನ ಭಯದ ವಿಷಯ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ 'ಮಿಲೇನಿಯಂ' ಅನ್ನುವ ಜರ್ನಲ್ 1971ರಲ್ಲಿ ಶುರುವಾಯಿತು. ಇವತ್ತಿಗೂ ವಿದ್ಯಾರ್ಥಿಗಳ ಕೈಯಲ್ಲೇ ಇದೆ, ಸಂಪಾದಕರು ವರ್ಷ ವರ್ಷ ಬದಲಾಗುತ್ತಾರೆ. ಕೆನಡಾದ ಚಿಂತಕ ರಾಬರ್ಟ್ ಕಾಕ್ಸ್ ಅವರ ಹೆಸರು ನಿನ್ನ ತರಗತಿಯಲ್ಲಿ ಬಂದೇ ಬರುತ್ತೆ. ಸಿದ್ಧಾಂತ ಯಾವತ್ತೂ ಯಾರದೋ ಪರವಾಗಿ, ಯಾವುದೋ ಉದ್ದೇಶಕ್ಕೆ ಹುಟ್ಟುತ್ತೆ ಎಂದು ಅವರು ವಾದಿಸಿದ ಲೇಖನ 1981ರಲ್ಲಿ ಬಂದದ್ದು ಅಲ್ಲೇ. 1988ರಲ್ಲಿ ಅದೇ ಜರ್ನಲ್ ಮಹಿಳೆಯರು ಮತ್ತು ಅಂತರರಾಷ್ಟ್ರೀಯ ಸಂಬಂಧಗಳ ಬಗ್ಗೆ ಇಡೀ ಒಂದು ಸಂಚಿಕೆ ತಂದಿತು. ಸೇನೆ, ಗಡಿ, ರಾಯಭಾರ ಅಂತಲೇ ಮಾತಾಡುತ್ತಿದ್ದ ಈ ವಿಷಯದಲ್ಲಿ ಹೆಂಗಸರ ಮಾತನ್ನು ಹೆಚ್ಚಾಗಿ ಯಾರೂ ಎತ್ತದಿದ್ದ ಕಾಲ ಅದು. ಆ ಸಂಚಿಕೆಗೆ ಕೈ ಹಾಕಿದವರು ವಿದ್ಯಾರ್ಥಿಗಳು ಅನ್ನುವುದು ನೆನೆದರೆ ನನಗೆ ಈಗಲೂ ಖುಷಿಯಾಗುತ್ತೆ.

ಇನ್ನು 'ಬೇಡ' ಅನ್ನುವುದು ನೀನೊಬ್ಬಳೇ ಅಲ್ಲ. ಲೇಖನ ಬಂದ ಮೇಲೆ ಮಂಡಳಿಯಲ್ಲಿ ಇಬ್ಬರು ಮೂವರು ಓದುತ್ತೀರಿ. ಸರಿ ಅನ್ನಿಸಿದರೆ ಹೊರಗಿನ ಇಬ್ಬರು ತಜ್ಞರಿಗೆ ಕಳಿಸುತ್ತೀರಿ. ಅವರಿಗೆ ಲೇಖಕರ ಹೆಸರು ಗೊತ್ತಿರಬಾರದು, ಲೇಖಕರಿಗೆ ಅವರ ಹೆಸರು ಗೊತ್ತಿರಬಾರದು. ತಜ್ಞರು ಸಿಗುವುದೇ ಕಷ್ಟ. 7–8 ಜನರನ್ನು ಕೇಳಿದರೆ ಇಬ್ಬರು ಒಪ್ಪುತ್ತಾರೆ.

ಇಲ್ಲೇ ನಾನೊಂದು ತಪ್ಪು ಮಾಡಿದೆ. ಮೊದಲ ಪುಟದಿಂದ ಲೇಖಕಿಯ ಹೆಸರು ತೆಗೆದೆ. ಕೃತಜ್ಞತೆಯ ಸಾಲು ತೆಗೆದೆ. 'ನಾನು ಹಿಂದೆ ಬರೆದಂತೆ' ಅಂತ ಇದ್ದ ಕಡೆಯೆಲ್ಲ ತಿದ್ದಿದೆ. ಆದರೆ ವರ್ಡ್ ಫೈಲ್‌ನ ಪ್ರಾಪರ್ಟೀಸ್‌ನಲ್ಲಿ ಹೆಸರು ಹಾಗೇ ಉಳಿದಿತ್ತು. 'ಬರೆದವರು ಯಾರೆಂದು ನನಗೆ ಗೊತ್ತಾಗಿಹೋಯಿತು, ಇನ್ನು ನಾನು ಅಭಿಪ್ರಾಯ ಹೇಳುವುದು ಸರಿಯಲ್ಲ' ಅಂತ ತಜ್ಞರು ವಾಪಸ್ ಬರೆದರು. ಇನ್ನೊಬ್ಬರು ಸಿಗಲು 7 ವಾರ ಹಿಡಿಯಿತು. ನಡೆದದ್ದನ್ನು ಲೇಖಕಿಗೆ ನಾನೇ ಬರೆದು ಕ್ಷಮೆ ಕೇಳಿದೆ. ನೀನು ಫೈಲ್ ಕಳಿಸುವ ಮುಂಚೆ ಆ ಒಂದು ಜಾಗ ನೋಡಿಬಿಡು.

ಹೆಚ್ಚಿನ ಸಮಯ ಹೋಗುವುದು ಫುಟ್‌ನೋಟ್ ನೋಡುವುದರಲ್ಲಿ. ಬೇಜಾರಿನ ಕೆಲಸ ಅಂತ ಎಲ್ಲರೂ ಅಂತಾರೆ, ನಾನು ಒಪ್ಪುವುದಿಲ್ಲ. ಏಷ್ಯಾ, ಆಫ್ರಿಕಾದ ದೇಶಗಳು ಇಂಡೋನೇಷ್ಯಾದಲ್ಲಿ ಸೇರಿದ್ದ 1955ರ ಬಾಂಡುಂಗ್ ಸಮ್ಮೇಳನದ ಬಗ್ಗೆ ನಮಗೊಂದು ಲೇಖನ ಬಂದಿತ್ತು, ಅದರಲ್ಲಿ ನೆಹರೂ ಆಡಿದ್ದೆಂದು ಒಂದು ಸಾಲು ಇತ್ತು. ಲೈಬ್ರರಿಯಿಂದ ಪುಸ್ತಕ ತಂದು ಆ ಪುಟ ತೆಗೆದೆ. ಸಾಲು ಇತ್ತು, ಅಕ್ಷರ ಅಕ್ಷರ ಅದೇ. ಆದರೆ ಅದು ನೆಹರೂ ಬಾಯಿಂದ ಬಂದದ್ದಾಗಿರಲಿಲ್ಲ. ಪುಸ್ತಕ ಬರೆದವರು ಭಾಷಣದ ಸಾರವನ್ನು ತಮ್ಮ ಮಾತಿನಲ್ಲಿ ಹೇಳಿದ್ದರು. ಲೇಖನಕ್ಕೆ ಬರುವಾಗ ಅದಕ್ಕೆ ಉದ್ಧರಣ ಚಿಹ್ನೆ ಅಂಟಿಕೊಂಡಿತ್ತು. ಹಾಗೇ ಅಚ್ಚಾಗಿದ್ದರೆ ಮುಂದೆ ಹತ್ತು ಜನ ನಮ್ಮ ಪುಟ ತೋರಿಸಿ 'ನೆಹರೂ ಹೀಗೆಂದರು' ಅಂತ ಬರೆಯುತ್ತಿದ್ದರು. ಲೇಖಕರು ದೊಡ್ಡವರೇ. ಹೇಳಿದ ದಿನವೇ ತಿದ್ದಿ ಕಳಿಸಿದರು, ಧನ್ಯವಾದ ಹೇಳಿದರು. ನಿನ್ನ ಪ್ರಶ್ನೆಗೆ ಇದೂ ಒಂದು ಉತ್ತರ ಅಲ್ವಾ?

ಸಮಯ ಅಂದರೆ, ನನಗೆ ವಾರಕ್ಕೆ 5–6 ಗಂಟೆ ಬೇಕಾಗುತ್ತಿತ್ತು. ಸಂಚಿಕೆ ಅಚ್ಚಿಗೆ ಹೋಗುವ ವಾರ ಮಾತ್ರ ಅದರ ಮೂರು ಪಟ್ಟು.

ಬೆಂಗಳೂರಿನಿಂದ

ನಾನು ಲಾ ಓದಿದವಳು. ನಮ್ಮ ಕ್ಷೇತ್ರದಲ್ಲಿ ಇದು ಹಳೆಯ ಪದ್ಧತಿ. 'ಹಾರ್ವರ್ಡ್ ಲಾ ರಿವ್ಯೂ' 1887ರಿಂದ ವಿದ್ಯಾರ್ಥಿಗಳೇ ನಡೆಸುತ್ತಿದ್ದಾರೆ. ಇಲ್ಲಿ ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್‌ನಲ್ಲೂ ವಿದ್ಯಾರ್ಥಿಗಳು ಸಂಪಾದಿಸುವ ಜರ್ನಲ್‌ಗಳಿವೆ.

ಒಂದೇ ಮಾತು ಸೇರಿಸುತ್ತೇನೆ. ಸೇರುವ ಮುಂಚೆ 'ನನಗೆ ಕೊಡುವ ಕೆಲಸ ಯಾವುದು' ಅಂತ ಬಾಯಿಬಿಟ್ಟು ಕೇಳಿ. ಲೇಖನ ಓದುವ ಕೆಲಸ ಸಿಕ್ಕರೆ ಕಲಿಯುವುದು ತುಂಬಾ ಇದೆ. ಪೋಸ್ಟರ್ ಮಾಡು, ಕಾರ್ಯಕ್ರಮಕ್ಕೆ ಜನ ಸೇರಿಸು ಅಂತ ಮಾತ್ರ ಆದರೆ, ಅದೂ ಬೇಕಾದ ಕೆಲಸವೇ, ಆದರೆ 1 ವರ್ಷಕ್ಕೆ ಬಂದ ನಿಮಗೆ ಅದರಿಂದ ಸಿಗುವುದು ಕಮ್ಮಿ.

ಮೈಸೂರಿನಿಂದ

ನಾನು ಲೇಖನ ಕಳಿಸುವ ಕಡೆಯವನು. ಅದೂ ನಿಮಗೆ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಒಂದು ವಿದ್ಯಾರ್ಥಿ ಜರ್ನಲ್‌ಗೆ ಶ್ರೀಲಂಕಾದ ಬಂದರುಗಳ ಬಗ್ಗೆ ಲೇಖನ ಕಳಿಸಿದೆ. 'ತಲುಪಿದೆ' ಅಂತ ಮೇಲ್ ಬಂತು. ಆಮೇಲೆ 11 ತಿಂಗಳು ಸುದ್ದಿಯೇ ಇಲ್ಲ. ನಾನು ಮೂರು ಸಲ ಬರೆದೆ. ಒಂದು ಲೇಖನ ಒಂದೇ ಕಡೆ ಕೊಡಬೇಕೆಂಬ ನಿಯಮ ಇರುವುದರಿಂದ ಬೇರೆಲ್ಲೂ ಕಳಿಸುವಂತಿಲ್ಲ. ಕೊನೆಗೆ ಹೊಸ ಸಂಪಾದಕರು ಉತ್ತರ ಕೊಟ್ಟರು. ಹಳೆಯ ತಂಡ ಬೇಸಿಗೆಯಲ್ಲಿ ಕೋರ್ಸ್ ಮುಗಿಸಿ ಹೋಗಿತ್ತು, ನನ್ನ ಲೇಖನ ಯಾರ ಪಟ್ಟಿಯಲ್ಲೂ ಇರಲಿಲ್ಲ. ಅಷ್ಟರಲ್ಲಿ ನಾನು ಅರ್ಜಿ ಹಾಕಿದ್ದ ಕೆಲಸದ ಸಂದರ್ಶನ ಮುಗಿದುಹೋಗಿತ್ತು. ಆ ನೋವು ಇನ್ನೂ ಇದೆ.

ಇನ್ನೊಂದು ಕಡೆ, ಅದೂ ವಿದ್ಯಾರ್ಥಿಗಳದೇ, 9 ದಿನದಲ್ಲಿ 'ಬೇಡ' ಅಂದರು. ಆದರೆ ಜೊತೆಗೆ ಒಂದು ಪುಟ ಬರೆದಿದ್ದರು. ಸಾಲದ ಅಂಕಿಗಳು ಒಂದು ಭಾಗದಲ್ಲಿ, ವಾದ ಇನ್ನೊಂದು ಭಾಗದಲ್ಲಿ ನಿಂತಿವೆ, ಎರಡಕ್ಕೂ ಕೊಂಡಿ ಇಲ್ಲ ಅಂತ. ನಿಜವಾಗಿತ್ತು. ತಿದ್ದಿದೆ, ಬೇರೆ ಕಡೆ ಪ್ರಕಟವಾಯಿತು. ಆ ಪುಟ ಬರೆದವರಿಗೆ 23–24 ವಯಸ್ಸಿರಬಹುದು. ಅವರ ಮೇಲೆ ನನಗೆ ಬಹಳ ಗೌರವ. ತಂಗಿ, 'ಬೇಡ' ಅನ್ನಲು ಹೆದರಬೇಡ. ಬೇಗ ಹೇಳು, ಯಾಕೆ ಅಂತ ಹೇಳು. ನಮಗೆ ಅಷ್ಟು ಸಾಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೈಸೂರಿನ ಅಣ್ಣ ಹೇಳಿದ್ದು ಓದಿ ಸಂಕಟವಾಯಿತು. ಆಗಸ್ಟ್‌ನಲ್ಲಿ ಡಿಸರ್ಟೇಶನ್ ಕೊಟ್ಟು ನಾನೂ ಹೊರಟುಬಿಡುವವಳೇ. ನನ್ನಿಂದ ಯಾರಿಗೂ ಹಾಗಾಗಬಾರದು. ಏನು ಮಾಡಲಿ?

ಶಿವಮೊಗ್ಗದಿಂದ

ಮೈಸೂರಿನವರು ಹೇಳಿದ ತೊಂದರೆ ನಮ್ಮಲ್ಲೂ ಇತ್ತು. ವಿದ್ಯಾರ್ಥಿ ಜರ್ನಲ್‌ಗೆ ಹೊಸಬರು ಬರುತ್ತಲೇ ಇರುವುದು ಒಳ್ಳೆಯದು, ಆದರೆ ಅದೇ ಕಾರಣಕ್ಕೆ ಬೇಸಿಗೆಯಲ್ಲಿ ಎಲ್ಲ ಕೈತಪ್ಪುತ್ತೆ. ಇನ್‌ಬಾಕ್ಸ್‌ನ ಪಾಸ್‌ವರ್ಡ್ ಯಾರ ಹತ್ತಿರ ಇದೆ ಅಂತ ಹುಡುಕುವುದರಲ್ಲೇ ನನ್ನ ಮೊದಲ ವಾರ ಹೋಗಿತ್ತು.

ಮೊದಲ ದಿನದಿಂದ ಒಂದು ಶೀಟ್ ಇಡು. ಲೇಖನದ ಹೆಸರು, ಬಂದ ತಾರೀಖು, ಯಾರ ಹತ್ತಿರ ಇದೆ, ಲೇಖಕರಿಗೆ ಕೊನೆಗೆ ಬರೆದದ್ದು ಯಾವಾಗ. ಈ ಕೊನೆಯದನ್ನು ಯಾರೂ ಇಡುವುದಿಲ್ಲ, ಅದೇ ಮುಖ್ಯ. 6 ವಾರ ದಾಟಿದವರಿಗೆ ಸುಮ್ನೆ ಎರಡು ಸಾಲು ಬರಿ, ಹೊಸ ಸುದ್ದಿ ಇಲ್ಲದಿದ್ದರೂ ಸರಿ. ಮೇ ತಿಂಗಳ ಪರೀಕ್ಷೆ ಶುರುವಾದ ಮೇಲೆ ಹೊಸ ಲೇಖನ ಕೈಗೆ ತಗೋಬೇಡ, ಅದನ್ನು ಈಗಲೇ ತಂಡಕ್ಕೆ ಹೇಳಿಡು. ಜೂನ್‌ನಲ್ಲಿ ನಿನ್ನ ಜಾಗಕ್ಕೆ ಬರುವವರ ಜೊತೆ ಒಂದು ಮಧ್ಯಾಹ್ನ ಕೂತು, ಒಂದೊಂದೇ ಲೇಖನ ತೆರೆದು ತೋರಿಸು. ಆಮೇಲೆ ನಿನ್ನ ಕೈಯಲ್ಲಿದ್ದ ಪ್ರತಿ ಲೇಖಕರಿಗೂ ಹೆಸರು ಹಿಡಿದು ಬರಿ: ನಾನು ಹೊರಡುತ್ತಿದ್ದೇನೆ, ಇನ್ನು ಮುಂದೆ ಇವರು ನಿಮ್ಮ ಲೇಖನ ನೋಡಿಕೊಳ್ಳುತ್ತಾರೆ, ಅದು ಈಗ ಈ ಹಂತದಲ್ಲಿದೆ ಅಂತ.