ಅಪ್‌ಡೇಟ್: ಕೆಸರಿನ ಯಾರ್ಡ್‌ಗೆ ಎಂಥ ಫೋರ್ಕ್‌ಲಿಫ್ಟ್?

ಮಳೆಗಾಲದಲ್ಲಿ ನಮ್ಮ ಸಿಮೆಂಟ್ ಬ್ಲಾಕ್ ಯಾರ್ಡ್‌ನ ಕೆಸರಲ್ಲಿ ಓಡುವ ಫೋರ್ಕ್‌ಲಿಫ್ಟ್ ಯಾವುದು ಅಂತ ಕೇಳಿದ್ದೆ ಅಲ್ವಾ? ನೀವು ಹೇಳಿದ ಹಾಗೆ ಫೋರ್ ವೀಲ್ ಡ್ರೈವ್ ಟೆಲಿಹ್ಯಾಂಡ್ಲರ್ (ಮುಂದಕ್ಕೆ ಚಾಚುವ ಉದ್ದ ತೋಳಿರುವ ಫೋರ್ಕ್‌ಲಿಫ್ಟ್) ಬಾಡಿಗೆಗೆ ತಂದೆವು. ಮೂರು ಸ್ಟೀರಿಂಗ್ ಮೋಡ್ ಇವೆ.

ಕ್ರ್ಯಾಬ್ ಮೋಡ್ ತುಂಬಾ ಉಪಯೋಗಕ್ಕೆ ಬಂತು. ನಾಲ್ಕೂ ಚಕ್ರ ಒಂದೇ ಕಡೆ ತಿರುಗಿ, ಗಾಡಿ ಓರೆಯಾಗಿ ಸಾಗಿ ಗೋಡೆ ಪಕ್ಕ ನಿಲ್ಲುತ್ತದೆ. ಸುಮ್ನೆ ಹಿಂದೆ ಮುಂದೆ ಮಾಡುವ ತಲೆನೋವಿಲ್ಲ. ಇಕ್ಕಟ್ಟಿನ ತಿರುವಿಗೆ ಫೋರ್ ವೀಲ್ ಸ್ಟೀರ್, ಹಿಂದಿನ ಚಕ್ರಗಳು ಮುಂದಿನವಕ್ಕೆ ಎದುರಾಗಿ ತಿರುಗುತ್ತವೆ. ರೋಡಿಗೆ ಇಳಿದರೆ ಮುಂದಿನ ಚಕ್ರ ಮಾತ್ರ.

ಮೋಡ್ ಬದಲಿಸುವ ಮುಂಚೆ ಗಾಡಿ ನಿಲ್ಲಿಸಿ ನಾಲ್ಕೂ ಚಕ್ರ ನೇರ ಮಾಡಿಕೊಳ್ಳಬೇಕು. ಇಲ್ಲಾಂದ್ರೆ ಹಿಂದಿನ ಚಕ್ರ ಸೊಟ್ಟಗೇ ಉಳಿಯುತ್ತದೆ! ನೆಲ ಪಕ್ಕಕ್ಕೆ ವಾಲಿದ್ದರೆ ಫ್ರೇಮ್ (ಗಾಡಿಯ ಚೌಕಟ್ಟು) ಲೆವೆಲ್ ಮಾಡಿಯೇ ಬೂಮ್ (ಆ ಉದ್ದ ತೋಳು) ಎತ್ತಬೇಕು, ಎತ್ತಿದ ಮೇಲೆ ಫ್ರೇಮ್ ಲೆವೆಲ್ ಮುಟ್ಟಬಾರದು.

ಬಾಡಿಗೆ ಮಾತ್ರ ಜಾಸ್ತಿ.