ಮಣ್ಣು ಸುರಿಯುವಾಗ ಟಿಪ್ಪರ್ ಅಂಚಿಗೆ ಎಷ್ಟು ಹತ್ತಿರ ಹೋಗಬಹುದು?

ಪ್ರಶ್ನೆ (ಪಾಳಿ ಉಸ್ತುವಾರಿ, ಮಾಲೂರು ತಾಲ್ಲೂಕು)

ನಮಸ್ಕಾರ. ಟೇಕಲ್ ಕಡೆಯ ಒಂದು ಕಲ್ಲು ಕ್ವಾರಿಯಲ್ಲಿ ಹಗಲು ಪಾಳಿಯ ಉಸ್ತುವಾರಿ ನನ್ನದು. ಬಂಡೆಯ ಮೇಲಿನ ಮಣ್ಣನ್ನು ಹಿಟಾಚಿಯಿಂದ ತೆಗೆದು, ಹತ್ತು ಚಕ್ರದ ಟಿಪ್ಪರ್‌ಗಳಲ್ಲಿ ಸಾಗಿಸಿ, ಹಳೆಯ ಗುಂಡಿಯೊಂದರ ಅಂಚಿನಿಂದ ಕೆಳಕ್ಕೆ ಸುರಿಯುತ್ತೇವೆ. ಕಳೆದ ವಾರ ರಾತ್ರಿಯೆಲ್ಲ ಮಳೆ ಸುರಿದ ಮರುದಿನ ಬೆಳಿಗ್ಗೆ, ತೊಟ್ಟಿ ಅರ್ಧಕ್ಕೆ ಎತ್ತಿದ್ದ ಗಾಡಿಯ ಹಿಂದಿನ ಎಡ ಚಕ್ರಗಳು ಒಂದು ಅಡಿಯಷ್ಟು ಹೂತು, ಗಾಡಿ ಗುಂಡಿಯತ್ತ ವಾಲಿತು. ಹೆಲ್ಪರ್ ಹುಡುಗ ಹಿಂದುಗಡೆಯೇ ನಿಂತು "ಬರ್ಲಿ, ಬರ್ಲಿ" ಎಂದು ಕೈ ಬೀಸುತ್ತಿದ್ದ. ಅದೃಷ್ಟಕ್ಕೆ ಯಾರಿಗೂ ಏನೂ ಆಗಲಿಲ್ಲ. ಲೋಡರ್‌ನಿಂದ ಎಳೆದು ಗಾಡಿಯನ್ನು ಹೊರತಂದೆವು. ಅಂಚಿನಲ್ಲಿ ದಪ್ಪ ಕಲ್ಲೊಂದನ್ನು ಅಡ್ಡ ಇಟ್ಟರೆ ಸಾಕು, ನಮ್ಮದು ಸಣ್ಣ ಕ್ವಾರಿಯಾದ್ದರಿಂದ ಗಣಿ ಕಾನೂನು ಅನ್ವಯಿಸುವುದಿಲ್ಲ ಎಂದು ಮಾಲೀಕರು ಹೇಳುತ್ತಾರೆ. ಇದು ಸರಿಯೇ?

ಉತ್ತರ (ಹಿಟಾಚಿ ಆಪರೇಟರ್, ಚಿಂತಾಮಣಿ)

ಕಲ್ಲು ಸಾಲದು. ಚಕ್ರ ಕಲ್ಲಿಗೆ ತಾಗಿದ ಮೇಲೆಯೇ ಚಾಲಕ ನಿಲ್ಲಿಸುತ್ತಾನೆಂದಾದರೆ, ಗಾಡಿ ಆಗಲೇ ಕುಸಿಯುವ ಮಣ್ಣಿನ ಮೇಲಿದೆ ಎಂದರ್ಥ. ಲೋಡಾದ ಹತ್ತು ಚಕ್ರದ ಗಾಡಿ ಸುಮಾರು 28 ಟನ್ ತೂಗುತ್ತದೆ. ತೊಟ್ಟಿ ಮೇಲೆದ್ದಂತೆ ಆ ಭಾರದ ಬಹುಪಾಲು ಹಿಂದಿನ ಚಕ್ರಗಳಿಗೆ, ಅಂದರೆ ಅಂಚಿನತ್ತ ಇರುವ ಚಕ್ರಗಳಿಗೆ ಜರುಗುತ್ತದೆ. ಅದರ ಮೇಲೆ ಒದ್ದೆ ಮಣ್ಣು ತೊಟ್ಟಿಯ ಒಂದು ಮಗ್ಗುಲಿಗೆ ಅಂಟಿಕೊಂಡು ಬೀಳದೇ ಉಳಿದರೆ, ಸಮತಟ್ಟಾದ ನೆಲದಲ್ಲೂ ಗಾಡಿ ಮಗುಚಿಕೊಳ್ಳುತ್ತದೆ. ಆದ್ದರಿಂದ ಅಂಚಿನಿಂದ ಒಂದು ಗಾಡಿಯ ಉದ್ದಕ್ಕಿಂತ ಹೆಚ್ಚು ಅಂತರ ಬಿಟ್ಟು ಸುರಿಸಿ, ಲೋಡರ್‌ನಿಂದ ಮುಂದಕ್ಕೆ ತಳ್ಳಿಸಿ. ತಳ್ಳುವಾಗ ಕೊನೆಯ ರಾಶಿಯನ್ನು ಪೂರ್ತಿ ಬೀಳಿಸದೆ, ಕನಿಷ್ಠ ಅರ್ಧ ಚಕ್ರದ ಎತ್ತರಕ್ಕೆ ಬದುವಾಗಿ ಉಳಿಸಿಕೊಳ್ಳಿ. ಡೀಸೆಲ್ ಹೆಚ್ಚು ಸುಡುತ್ತದೆಂಬ ಗೊಣಗಾಟ ಬರುತ್ತದೆ, ಬರಲಿ. ಪಾಳಿ ಶುರುವಾಗುವ ಮೊದಲು ಅಂಚಿನ ಒಳಬದಿಯಲ್ಲಿ ನೀವೇ ನಡೆದು, ಅಂಚಿಗೆ ಸಮನಾಗಿ ಓಡುವ ಬಿರುಕುಗಳಿವೆಯೇ ಎಂದು ನೋಡಿ. ಅಂಚಿನ ಬುಡದಲ್ಲಿ ಯಾರಾದರೂ ಮಣ್ಣು ಬಗೆಯುತ್ತಿದ್ದರೆ ಮೇಲೆ ಗಾಡಿ ಬಿಡಬೇಡಿ.

ಉತ್ತರ (ನಿವೃತ್ತ ಗಣಿ ಫೋರ್‌ಮನ್, ಕೆಜಿಎಫ್)

2001ರಲ್ಲಿ ಚಿನ್ನದ ಗಣಿ ಮುಚ್ಚುವವರೆಗೆ ನಾನು ಅಲ್ಲಿದ್ದವನು. ಆಮೇಲೆ ಕೆಲವು ಕ್ವಾರಿಗಳನ್ನೂ ನೋಡಿದ್ದೇನೆ. ಮಾಲೀಕರು ಹೇಳುವಂಥ ವಿನಾಯಿತಿ ಗಣಿ ಕಾನೂನಿನಲ್ಲೇ ಇದೆ, ಆದರೆ ಅದು ಸಿಗಬೇಕಾದರೆ ತೆರೆದ ಗುಂಡಿಯ ಆಳ ಎಲ್ಲಿಯೂ 6 ಮೀಟರ್ ಮೀರಿರಬಾರದು, ಯಾವುದೇ ದಿನ 50ಕ್ಕಿಂತ ಹೆಚ್ಚು ಜನ ಕೆಲಸದಲ್ಲಿರಬಾರದು, ಸಿಡಿಮದ್ದು ಬಳಸಿರಬಾರದು. ಮೂರೂ ಒಟ್ಟಿಗೆ ಪಾಲನೆಯಾಗಬೇಕು. ಮದ್ದು ಇಡದೆ ಬಂಡೆ ಒಡೆಯುವ ಕ್ವಾರಿ ನಿಮ್ಮದಾದರೆ ಮಾತು ಬೇರೆ.

ನನಗೆ ಗಾಡಿಗಿಂತ ಆ ಹುಡುಗನ ಚಿಂತೆ. ಅವನ ವಯಸ್ಸೆಷ್ಟು? ಅಪ್ರೆಂಟಿಸ್ ತರಬೇತಿಯ ವಿಶೇಷ ಸಂದರ್ಭ ಬಿಟ್ಟರೆ, 18 ತುಂಬದವರನ್ನು ಗಣಿಯಲ್ಲಿ ಕೆಲಸಕ್ಕೆ ಹಚ್ಚುವಂತಿಲ್ಲ, ಕೆಲಸ ನಡೆಯುವ ಜಾಗದಲ್ಲಿ ಇರಗೊಡುವಂತೆಯೂ ಇಲ್ಲ. ವಿನಾಯಿತಿ ಪಡೆದ ಕ್ವಾರಿಗೂ ಈ ನಿಯಮ ತಪ್ಪುವುದಿಲ್ಲ. ದೊಡ್ಡವನೇ ಆದರೂ ಸಂಜ್ಞೆ ಕೊಡುವವನು ಗಾಡಿಯ ಹಿಂದೆ ನಿಲ್ಲಬಾರದು. ಚಾಲಕನ ಬಲಗನ್ನಡಿಯಲ್ಲಿ ಪೂರ್ತಿ ಕಾಣುವಂತೆ, ಮಗುಚಿದರೂ ಮೈಮೇಲೆ ಬೀಳದಷ್ಟು ದೂರದಲ್ಲಿ ನಿಲ್ಲಬೇಕು. ಅವನು ಕಣ್ಮರೆಯಾದ ಕ್ಷಣವೇ ಚಾಲಕ ಬ್ರೇಕ್ ಒತ್ತಬೇಕು.

ಉತ್ತರ (ಟಿಪ್ಪರ್ ಮೆಕ್ಯಾನಿಕ್, ಬಂಗಾರಪೇಟೆ)

ಒಂದೇ ಮಾತು ಸೇರಿಸುತ್ತೇನೆ. ಗಾಡಿ ವಾಲಿದಾಗ ಚಾಲಕ ಹಾರಬಾರದು, ಹಾರಿದವನ ಮೇಲೆಯೇ ಕ್ಯಾಬಿನ್ ಬೀಳುತ್ತದೆ. ಬೆಲ್ಟ್ ಹಾಕಿ ಸ್ಟೇರಿಂಗ್ ಹಿಡಿದು ಕೂರಬೇಕು. ನನ್ನ ಬಳಿಗೆ ಬರುವ ಹೆಚ್ಚಿನ ಗಾಡಿಗಳಲ್ಲಿ ಬೆಲ್ಟು ಸೀಟಿನ ಹಿಂದೆ ಗಂಟು ಹಾಕಿಕೊಂಡು ಧೂಳು ಹಿಡಿದಿರುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ನಾವು ಮದ್ದು ಇಡುತ್ತೇವೆ, ಹಾಗಾಗಿ ವಿನಾಯಿತಿಯ ಮಾತು ಅಲ್ಲಿಗೆ ಮುಗಿಯಿತು. ಹುಡುಗನಿಗೆ ಹದಿನೇಳು, ಟ್ರಿಪ್ ಲೆಕ್ಕ ಬರೆಯಲು ಹಾಕೋಣವೆಂದಿದ್ದೆ, ಅದನ್ನೂ ಬಿಟ್ಟು ಅವನ ತಂದೆಯೊಡನೆ ಮಾತನಾಡಿದ್ದೇನೆ. ಈ ಬೆಳಿಗ್ಗೆ ಅಂಚಿನಲ್ಲಿ ನಡೆದಾಗ ಬೆರಳು ತೂರುವಷ್ಟು ಅಗಲದ ಬಿರುಕು ಕಂಡಿತು. ಅದು ಮಾಲೀಕರು ಇಡಿಸಿದ ಕಲ್ಲಿನಿಂದ ನಾಲ್ಕು ಹೆಜ್ಜೆ ಒಳಗಡೆ ಇದೆ.