ಹೈಬ್ರಿಡ್ ಗಾಡಿ ತಗೊಳ್ಳೋಕ್ಕಿಂತ ಮೊದಲು ಹೆಂಗ ಪರೀಕ್ಷೆ ಮಾಡಬೇಕ್ರಿ?

ಕೇಳಿದವ, ಕಲಬುರಗಿ:
ನಮಸ್ಕಾರ್ರಿ. ಹೈಬ್ರಿಡ್ ಗಾಡಿ (ಪೆಟ್ರೋಲ್ ಇಂಜಿನ್ನು, ಕರೆಂಟಿನ ಮೋಟಾರು ಎರಡೂ ಇರೋದು) ತಗೋಬೇಕಂತ ಮಾಡೀನಿ. ಊರಾಗ ದಿನಾ 25 ಕಿ.ಮೀ., ತಿಂಗಳಿಗಿ ಎರಡು ಸಲ ಹೈದರಾಬಾದ್. ಚಾರ್ಜಿಂಗ್ ಮಾಡಾಕ ಮನಿ ಮುಂದ ಜಾಗಾ ಇಲ್ಲ, ಅದಕ್ಕ ಇ.ವಿ. (ಪೂರಾ ಕರೆಂಟಿನ ಗಾಡಿ) ಮಾತು ಬ್ಯಾಡ. ಶೋರೂಮಿನವ್ರು ರಿಂಗ್ ರೋಡಿನಾಗ 4 ಕಿ.ಮೀ. ಓಡಿಸ್ರಿ ಅಂತಾರ. ಅಷ್ಟರಾಗ ಏನು ತಿಳೀತದ? ಓಡಿಸಿ ಗೊತ್ತಿದ್ದವ್ರು ಹೇಳ್ರಿ.

ಸ್ಟ್ರಾಂಗ್ ಹೈಬ್ರಿಡ್, ಸೇಡಂ ರೋಡ್:
4 ಕಿ.ಮೀ.ದಾಗ ಸೀಟು ಮೆತ್ತಗ ಅದನೋ ಇಲ್ಲೋ ಅಷ್ಟೇ ತಿಳೀತದ. 40 ಕಿ.ಮೀ. ಕೇಳ್ರಿ, ಕೊಡಲಿಲ್ಲಂದ್ರ ಬ್ಯಾರೆ ಶೋರೂಮ್ ನೋಡ್ರಿ. ಮುಂಜಾನಿ ತಂಪಿನಾಗ ಹೋಗಬ್ಯಾಡ್ರಿ. ಮಧ್ಯಾಹ್ನ 2ರ ಬಿಸಿಲಾಗ ನಿಂತ ಗಾಡೀನೇ ಬೇಕು ಅನ್ರಿ. ಕುಂತ ಕೂಡ್ಲೇ ಟ್ರಿಪ್ ಮೀಟರ್, ಸರಾಸರಿ ಮೈಲೇಜ್ ಎರಡೂ ಸೊನ್ನೆ ಮಾಡ್ರಿ, ಇಲ್ಲಂದ್ರ ನಿಮಗಿಂತ ಮೊದಲು ಓಡಿಸಿದವರ ಲೆಕ್ಕ ನಿಮ್ಮ ತಲಿಗಿ ಬರ್ತದ. ಏಸಿ 24ಕ್ಕ ಇಟ್ಟು, ನಾಲ್ಕು ಮಂದಿ ಕುಂಡ್ರಿಸಿ, ಊರಾಗಿನ ಸೂಪರ್ ಮಾರ್ಕೆಟ್ ಏರಿಯಾದ ಗದ್ದಲದಾಗ 20 ನಿಮಿಷ ಓಡಿಸ್ರಿ. ಆಮ್ಯಾಲ ಹುಮನಾಬಾದ್ ಕಡಿ ರಾಷ್ಟ್ರೀಯ ಹೆದ್ದಾರಿ 50ರ ಮ್ಯಾಲ ಗಂಟೆಗಿ 80ರ ವೇಗದಾಗ 10 ಕಿ.ಮೀ., 100ರ ವೇಗದಾಗ 10 ಕಿ.ಮೀ. ಎರಡರ ಮೈಲೇಜೂ ಬ್ಯಾರೆ ಬ್ಯಾರೆ ಬರಕೊಳ್ರಿ. ವಾಪಸ್ ಬರೋವಾಗೂ ಬರಕೊಳ್ರಿ, ಯಾಕಂದ್ರ ಒಂದು ಕಡಿ ಗಾಳಿ ಎದುರಿಗಿದ್ರ ಲೆಕ್ಕ ಕೆಡ್ತದ.

ಸ್ಟಾರ್ಟ್ ಮಾಡಿದ ಕೂಡ್ಲೇ ಬ್ಯಾಟರಿ ತುಂಬಿದ್ರೂ ಇಂಜಿನ್ ಸ್ವಲ್ಪ ಹೊತ್ತು ನಡೀತದ. ಅದು ಕೆಟ್ಟದ್ದಲ್ಲ, ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗಿ ಶುದ್ಧ ಮಾಡೋ ಭಾಗ) ಬಿಸಿ ಆಗಬೇಕು. ಕಾದ ಮ್ಯಾಲ ಗದ್ದಲದಾಗ ಇಂಜಿನ್ ಎಷ್ಟು ಸಲ ಹತ್ತಿ ಎಷ್ಟು ಸಲ ಆರ್ತದ ಎಣಸ್ರಿ. ಮೂರು ಸಿಲಿಂಡರಿನ ಇಂಜಿನ್ ಇದ್ದ ಗಾಡ್ಯಾಗ ಹತ್ತೋ ಮುಂದ ಕಾಲಿಗಿ ಸಣ್ಣ ನಡುಕ ಬರ್ತದ. ಅದು ನಿಮಗ ಸರಿ ಹೋಗ್ತದಾ ಅಂತ ಅವತ್ತೇ ತೀರ್ಮಾನ ಮಾಡ್ರಿ, ಆಮ್ಯಾಲ ಬೈಕೋತ ಓಡಿಸಬ್ಯಾಡ್ರಿ. ಬ್ರೇಕ್ ಹಗೂರಕ ಒತ್ತಿ 30ರಿಂದ ಪೂರಾ ನಿಲ್ಲೋ ತನಕ ನೋಡ್ರಿ. ಮೊದಲು ಮೋಟಾರ್ ಎಳೀತದ, ಕಡಿಗಿ ಬ್ರೇಕ್ ಪ್ಯಾಡ್ ಹಿಡೀತದ. ಆ ಕೈ ಬದಲೋ ಜಾಗದಾಗ ಜರ್ಕ್ ಬಂದ್ರ ಗದ್ದಲದಾಗ ತಲಿ ಕೆಡ್ತದ.

ಡೀಸೆಲ್ ಬಿಡಂಗಿಲ್ಲ, ಹುಮನಾಬಾದ್:
60ರಿಂದ 100ಕ್ಕ ಎಕ್ಸಿಲರೇಟರ್ ಪೂರಾ ಒತ್ತಿ ನೋಡು ಅಂತ ಯಾಕ ಹೇಳಲಿಲ್ರಿ ಸರ್? ಅಲ್ಲೇ ಬಣ್ಣ ಬಯಲಾಗ್ತದಲ್ಲ! ಇಂಜಿನ್ ಊಂ ಅಂತ ಒದರ್ತದ, ಗಾಡಿ ನಿಧಾನಕ್ಕ ಏರ್ತದ. ಜಹೀರಾಬಾದ್ ದಾರ್ಯಾಗ ಲಾರಿ ಹಿಂದ ಹಾಕಬೇಕಂದ್ರ ಡೀಸೆಲ್ ಟಾರ್ಕ್ (ಎಳಿಯೋ ತಾಕತ್ತು) ಬೇಕು. ಹೈದರಾಬಾದಿಗಿ ಹೋಗಾವ್ರಿಗಿ ಹೈಬ್ರಿಡ್ ಅಂದ್ರ ದುಡ್ಡು ನೀರಿಗಿ ಹಾಕ್ದಂಗ.

ಸ್ಟ್ರಾಂಗ್ ಹೈಬ್ರಿಡ್, ಸೇಡಂ ರೋಡ್:
ಒದರೋದು ಖರೇ, ಹೈಬ್ರಿಡ್ಡಿನ ಇ-ಸಿ.ವಿ.ಟಿ. ಅನ್ನೋ ಆಟೋಮ್ಯಾಟಿಕ್ ಗೇರ್ ಪೆಟ್ಟಿಗ್ಯಾಗ ಇಂಜಿನ್ ತನಗ ಬೇಕಾದ ಆರ್.ಪಿ.ಎಂ.ಗಿ ಹೋಗಿ ನಿಲ್ತದ, ಗೇರ್ ಬದಲಾಗಂಗಿಲ್ಲ. ಟೊಯೋಟಾ ಹೈರೈಡರ್, ಮಾರುತಿ ಗ್ರಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್ (ಸ್ವಲ್ಪ ದೂರ ಬರೇ ಕರೆಂಟಿನ ಮ್ಯಾಲೂ ಓಡೋವು) 1.5 ಲೀಟರಿನವು, ಇಂಜಿನ್ನು ಮೋಟಾರು ಕೂಡಿ 116 ಹಾರ್ಸ್‌ಪವರ್ ಹತ್ರ ಅಷ್ಟೇ. ಅದೇ ಇನ್ನೋವಾ ಹೈಕ್ರಾಸ್ 2 ಲೀಟರ್, 186. ಹೋಂಡಾ ಸಿಟಿ ಇ:ಎಚ್.ಇ.ವಿ.ದಾಗ ಹೆದ್ದಾರಿ ವೇಗಕ್ಕ ಕ್ಲಚ್ ಹಿಡಿದು ಇಂಜಿನ್ ನೇರ ಚಕ್ರಕ್ಕ ಕೂಡ್ತದ, ಅದರ ನಡಿಗಿನೇ ಬ್ಯಾರೆ. ಎಲ್ಲಾ ಹೈಬ್ರಿಡ್ ಒಂದೇ ಅಂತ ತಿಳಕೊಂಡವ್ರಿಗಿ ಏನ್ ಹೇಳೋದು.

ಮೈಲ್ಡ್ ಸಾಕು, ಯಾದಗಿರಿ:
ಯಾರೂ ರೊಕ್ಕದ ಮಾತೇ ಎತ್ತವಲ್ರಿ. ಸ್ಟ್ರಾಂಗಿಗೂ ಮೈಲ್ಡಿಗೂ (ಇಂಜಿನ್ನಿಗಿ ಸಣ್ಣ ಮೋಟಾರಿನ ನೆರವಷ್ಟೇ ಇರೋದು) ಆನ್-ರೋಡ್ ಫರಕ್ 3 ಲಕ್ಷ ಅಂತ ಹಿಡೀರಿ. ಕೊಟೇಶನ್ ಎರಡೂ ಒಂದೇ ದಿನ ತಗೊಂಡು ನಿಮ್ಮ ಅಂಕಿ ಹಾಕ್ರಿ. ವರ್ಷಕ್ಕ 15,000 ಕಿ.ಮೀ., ಸ್ಟ್ರಾಂಗ್ ಲೀಟರಿಗಿ 22 ಕಿ.ಮೀ., ಮೈಲ್ಡ್ 14 ಕೊಡ್ತದ ಅಂದ್ರ 682 ಲೀಟರಿಗಿ 1,071 ಲೀಟರ್. ಉಳಿಯೋದು 389 ಲೀಟರ್. ಲೀಟರಿಗಿ 103 ಹಿಡಿದ್ರ ವರ್ಷಕ್ಕ 40,000. ಫರಕ್ ತೀರಾಕ ಏಳೂವರಿ ವರ್ಷ! ಆ 3 ಲಕ್ಷಕ್ಕ ಸಾಲದ ಬಡ್ಡಿ ಕೂಡಿಸಿದ್ರ ಇನ್ನೂ ದೂರ. ಕರ್ನಾಟಕದಾಗ 10ರಿಂದ 20 ಲಕ್ಷದ ಗಾಡಿಗಿ ರೋಡ್ ಟ್ಯಾಕ್ಸೇ ಶೇ. 17, ಅದರ ಮ್ಯಾಲ ಸೆಸ್ ಬ್ಯಾರೆ. 2024ರಾಗ ಉತ್ತರ ಪ್ರದೇಶದವ್ರು ಸ್ಟ್ರಾಂಗ್ ಹೈಬ್ರಿಡಿಗಿ ನೋಂದಣಿ ತೆರಿಗಿ ಬಿಟ್ರು, ನಮ್ಮಲ್ಲಿ ಹಂಗೇನಿಲ್ಲ. ಕಂಪನಿ ಹೇಳೋ 27.97 ನಂಬಿ ಲೆಕ್ಕ ಹಾಕಬ್ಯಾಡ್ರಿ, ಅದು ಪ್ರಯೋಗಾಲಯದ ಅಂಕಿ. ಅಲ್ಲಿ ಜೇವರ್ಗಿ ರೋಡಿನ ತೆಗ್ಗೂ ಇಲ್ಲ, ಬಿಸಿಲೂ ಇಲ್ಲ.

ಸ್ಟ್ರಾಂಗ್ ಹೈಬ್ರಿಡ್, ಸೇಡಂ ರೋಡ್:
ಮೈಲ್ಡ್ ಹೈಬ್ರಿಡ್ ಅನ್ನೋದಾ ಹೈಬ್ರಿಡ್ಡಾ? 12 ವೋಲ್ಟಿನ ಸಣ್ಣ ಮೋಟಾರ್, ಸಿಗ್ನಲ್ಲಿನಾಗ ಇಂಜಿನ್ ಆರಿಸಿ ಮತ್ತ ಹಚ್ತದ, ಏರೋ ಮುಂದ ಸ್ವಲ್ಪ ನೆರವಾಗ್ತದ. ಬರೇ ಕರೆಂಟಿನ ಮ್ಯಾಲ ಚಕ್ರ ಒಂದು ಸುತ್ತೂ ತಿರುಗಂಗಿಲ್ಲ. ಮತ್ತ ನೀವು ಹಿಡಿದದ್ದು 15,000. ಕೇಳಿದವ್ರು ಹೈದರಾಬಾದ್ ಅಂದಾರ, ಓದೇ ಇಲ್ಲ ನೀವು. 30,000 ಆದ್ರ ಪೌಣೇ ನಾಲ್ಕು ವರ್ಷಕ್ಕ ತೀರ್ತದ.

ಮೈಲ್ಡ್ ಸಾಕು, ಯಾದಗಿರಿ:
30,000 ಎಲ್ಲಿಂದ ಬಂತ್ರಿ? ದಿನಾ 25, ತಿಂಗಳಿಗಿ ಎರಡು ಸಲ ಹೋಗಿ ಬರೋದು, ಕೂಡಿಸ್ರಿ, 20,000 ಮುಟ್ಟಂಗಿಲ್ಲ. ಓದದವ್ರು ಯಾರೋ. ಮತ್ತ ಆ ಹೆದ್ದಾರ್ಯಾಗ 100 ದಾಟಿದ್ರ ಇಂಜಿನ್ ಆರೋದೇ ಕಡಿಮಿ, ನಿಮ್ಮ 22 ಎಲ್ಲಿ ಉಳೀತದ?

ಆಟೋ ಎಲೆಕ್ಟ್ರಿಷಿಯನ್, ಬೀದರ್:
ಇಬ್ಬರೂ ಜಗಳಾಡ್ರಿ, ನಾ ಕೆಲಸದ ಮಾತು ಹೇಳ್ತೀನಿ. ಇಲ್ಲಿನ ಜಳಕ್ಕ ನೋಡಬೇಕಾದ್ದು ಏಸಿ. ಸ್ಟ್ರಾಂಗ್ ಹೈಬ್ರಿಡ್ಡಿನ ಏಸಿ ಕಂಪ್ರೆಸರ್ ಕರೆಂಟಿಂದು, ಇಂಜಿನ್ ಆರಿದ್ರೂ ತಂಪು ಬರ್ತದ. ಆದ್ರ ಬ್ಯಾಟರಿ ಎಷ್ಟಂದ್ರ, ಹೈರೈಡರಿಂದು 0.76 ಕಿಲೋವ್ಯಾಟ್ ಅವರ್. ಅದನ್ನ ಪೂರಾ ಖಾಲಿ ಮಾಡಾಕ ಗಾಡಿ ಬಿಡಂಗಿಲ್ಲ, ಬಳಕಿಗಿ ಸಿಗೋದು ಅರ್ಧಕ್ಕಿಂತ ಕಡಿಮಿ ಹಿಡೀರಿ. 42 ಡಿಗ್ರ್ಯಾಗ ಏಸಿ ಒಂದೂವರಿ ಎರಡು ಕಿಲೋವ್ಯಾಟ್ ಎಳದ್ರ 10 ನಿಮಿಷಕ್ಕ ಇಂಜಿನ್ ಹತ್ತೇ ಹತ್ತದ. ಅದಕ್ಕ ಸೇಡಂ ರೋಡಿನವ್ರು ಹೇಳಿದ ಮಧ್ಯಾಹ್ನದ ಪರೀಕ್ಷೆ ಸರಿ ಅದ, ಅದೊಂದು ಒಪ್ತೀನಿ.

ಎರಡನೇದು, ಆ ಬ್ಯಾಟರಿ ಗಾಡಿ ಒಳಗಿನ ಗಾಳಿಯಿಂದನೇ ತಂಪಾಗೋದು. ಹಿಂದಿನ ಸೀಟಿನ ಹತ್ರ ಗಾಳಿ ಎಳಿಯೋ ಜಾಳಗಿ ಎಲ್ಲದ ಅಂತ ಸೇಲ್ಸಿನವಗ ಕೇಳ್ರಿ. ಬೆರಳಿಟ್ಟು ತೋರಸಲಿಕ್ಕೆ ಬರಲಿಲ್ಲಂದ್ರ ಅವಗ ಗಾಡಿ ಗೊತ್ತಿಲ್ಲ. ಅದರ ಮುಂದ ಚೀಲ, ಟವೆಲ್ ಇಟ್ರ ಫ್ಯಾನ್ ಜೋರಾಗಿ ತಿರುಗ್ತದ, ಬ್ಯಾಟರಿ ಕಾಯ್ತದ, ಕರೆಂಟಿನ ಮ್ಯಾಲ ಓಡೋದು ಕಡಿಮಿ ಆಗ್ತದ. ನಮ್ಮ ಎರಿ ಮಣ್ಣಿನ ಧೂಳು ಭಾಳ ಸಣ್ಣದು, ಫಿಲ್ಟರಿಗಿ ಹತ್ತಿದ್ರ ಹಿಟ್ಟು ಮೆತ್ತಿದಂಗ ಕುಂಡ್ರತದ. ಪ್ರತಿ ಸರ್ವಿಸಿಗಿ ತೆಗೆದು ಝಾಡಿಸಿದ್ರಾ ಅಂತ ನಿಂತು ನೋಡ್ರಿ. ಬಿಲ್ಲಿನಾಗ ಬರದದ್ದು ಬ್ಯಾರೆ, ಮಾಡಿದ್ದು ಬ್ಯಾರೆ.

ಸಿಗ್ನಲ್ಲಿನಾಗ ಗೇರ್ ಎನ್‌ಗಿ (ನ್ಯೂಟ್ರಲ್) ಹಾಕೋ ಚಟ ಇದ್ರ ಬಿಡ್ರಿ. ಎನ್‌ದಾಗ ದೊಡ್ಡ ಬ್ಯಾಟರಿ ಚಾರ್ಜ್ ಆಗಂಗಿಲ್ಲ. ಮತ್ತ 12 ವೋಲ್ಟಿನ ಸಣ್ಣ ಬ್ಯಾಟರಿ ಕೂತ್ರ ಗಾಡಿ ಹೊರಡಾಕ ತಯಾರ ಅನ್ನೋ ರೆಡಿ ಲೈಟ್ ಬರಂಗಿಲ್ಲ, ನಾಲ್ಕು ಮಂದಿ ತಳ್ಳಿದ್ರೂ ಹತ್ತಂಗಿಲ್ಲ, ಬ್ಯಾರೆ ಬ್ಯಾಟರಿಯಿಂದ ಜಂಪ್ ಕೊಡಬೇಕು. ಹೈ ವೋಲ್ಟೇಜಿನ ಕಿತ್ತಳಿ ಬಣ್ಣದ ವಾಯರ್ ಯಾರೂ ಮುಟ್ಟಬ್ಯಾಡ್ರಿ. ಹೊರಗಿನ ಅಂಗಡ್ಯಾಗ ಹಾರ್ನ್, ಲೈಟ್ ಅಂತ ವಾಯರ್ ಕತ್ತರಿಸಿದ್ರ ಟೊಯೋಟಾದವ್ರ ಹೈಬ್ರಿಡ್ ಬ್ಯಾಟರಿಗಿರೋ 8 ವರ್ಷ ಅಥವಾ 1,60,000 ಕಿ.ಮೀ. ವಾರಂಟಿಗಿ ತಕರಾರು ಬರ್ತದ.

ಡೀಸೆಲ್ ಬಿಡಂಗಿಲ್ಲ, ಹುಮನಾಬಾದ್:
ಇಷ್ಟು ಕಾಳಜಿ ಹಸುಗೂಸಿಗೂ ಬೇಡ. ಡೀಸೆಲ್‌ನಾಗ ಇದ್ಯಾವುದೂ ಇಲ್ಲ.

ಆಟೋ ಎಲೆಕ್ಟ್ರಿಷಿಯನ್, ಬೀದರ್:
ಡಿ.ಪಿ.ಎಫ್. (ಡೀಸೆಲ್ ಹೊಗಿಯ ಮಸಿ ಹಿಡಿಯೋ ಫಿಲ್ಟರ್) ಮರತ್ರೇನು ಅಣ್ಣಾರ? ಬಿ.ಎಸ್. 6 ಡೀಸೆಲ್ ಗಾಡಿ ದಿನಾ ಊರಾಗ ಸಣ್ಣ ಸಣ್ಣ ಓಡಾಟ ಮಾಡಿದ್ರ ಮಸಿ ತುಂಬ್ತದ. 60ರ ಮ್ಯಾಲ 15–20 ನಿಮಿಷ ಬಿಡದಂಗ ಓಡಿಸಿ ಸುಡಬೇಕು. ಲೈಟ್ ಬಂದ್ರೂ ಬಿಟ್ರ ಗಾಡಿ ಶಕ್ತಿ ಕಡಿಮಿ ಮಾಡ್ಕೋತದ, ಆಮ್ಯಾಲ ವರ್ಕ್‌ಶಾಪ್ ಬಿಲ್ಲು. ದಿನಾ 25 ಕಿ.ಮೀ. ಊರಾಗ ಅಂದವ್ರಿಗಿ ನೀವು ಡೀಸೆಲ್ ಹೇಳೀರಿ, ಪುಣ್ಯಾ ಕಟಕೊಂಡ್ರಿ.

ಬಾಡಿಗಿ ತಗೊಂಡು ನೋಡ್ರಿ, ಶಹಾಪುರ:
ಶೋರೂಮ್ ಯಾಕ ಬೇಕ್ರಿ? ಹೈದರಾಬಾದಿನಾಗ ಸೆಲ್ಫ್ ಡ್ರೈವ್ ಹೈಬ್ರಿಡ್ ಎರಡು ದಿನಕ್ಕ ತಗೊಂಡು ಜಹೀರಾಬಾದ್, ಹುಮನಾಬಾದ್ ಮ್ಯಾಲಿಂದ ಬರ್ರಿ. ಪಂಪಿನಾಗ ಆಟೋ ಕಟ್‌ ಆಗೋ ತನಕ ಹಾಕಿಸಿ, ವಾಪಸ್ ಅದೇ ಪಂಪ್, ಅದೇ ನಳಿಗಿ, ಮತ್ತ ಆಟೋ ಕಟ್. ಕಿ.ಮೀ. ಭಾಗಿಸು ಲೀಟರ್, ಅದೇ ಖರೇ ಮೈಲೇಜ್. ಮೀಟರಿನಾಗ ತೋರಿಸೋದು ಸಾಮಾನ್ಯವಾಗಿ ಸ್ವಲ್ಪ ಹೆಚ್ಚೇ ಇರ್ತದ. ಹೊರಡೋಕ್ಕಿಂತ ಮೊದಲು ಟೈರಿನ ಗಾಳಿ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಷ್ಟು ಅದನಾ ನೋಡ್ರಿ. ಈಗ ಸಿಗೋದು ಇ20 ಪೆಟ್ರೋಲ್, ಅಂದ್ರ ಶೇ. 20 ಎಥನಾಲ್ ಬೆರಸಿದ್ದು. ಎಥನಾಲಿನಾಗ ಶಾಖ ಪೆಟ್ರೋಲಿನ ಮೂರನೇ ಎರಡು ಭಾಗ ಅಷ್ಟೇ, ಅದಕ್ಕ ಹಳೇ ಶುದ್ಧ ಪೆಟ್ರೋಲಿಗಿ ಹೋಲಿಸಿದ್ರ ಶೇ. 6–7 ಕಡಿಮಿ ಹಿಡೀರಿ.

ಡೀಸೆಲ್ ಬಿಡಂಗಿಲ್ಲ, ಹುಮನಾಬಾದ್:
ಬಿಳಿ ನಂಬರ್ ಪ್ಲೇಟಿನ ಗಾಡಿ ಕೊಟ್ರ? ಖಾಸಗಿ ಗಾಡಿ ಬಾಡಿಗಿಗಿ ಬಿಟ್ರ ಅಪಘಾತ ಆದಾಗ ವಿಮಾದವ್ರು ಕೈ ಎತ್ತತಾರ. ಕಪ್ಪು ಪ್ಲೇಟ್, ಹಳದಿ ಅಕ್ಷರ ಇದ್ದದ್ದೇ ತಗೊಳ್ರಿ, ರಾಜ್ಯದ ಗಡಿ ದಾಟೋ ಟ್ಯಾಕ್ಸ್ ಯಾರದು ಅಂತ ಮೊದಲೇ ಬರಸ್ಕೊಳ್ರಿ. ನೋಡ್ರಿ, ನಾನೂ ಒಳ್ಳೇ ಮಾತು ಹೇಳ್ತೀನಿ.

ಮೈಲ್ಡ್ ಸಾಕು, ಯಾದಗಿರಿ:
ಡಿಕ್ಕಿ ಮರತ್ರಿ ಎಲ್ಲರೂ. ಗ್ರಾಂಡ್ ವಿಟಾರಾ ಮೈಲ್ಡ್ 373 ಲೀಟರ್, ಸ್ಟ್ರಾಂಗ್ 265. ಬ್ಯಾಟರಿ ತಿಂದದ್ದು 108 ಲೀಟರ್. ಮನ್ಯಾಗಿನ ದೊಡ್ಡ ಸೂಟ್‌ಕೇಸ್ ಶೋರೂಮಿಗಿ ಒಯ್ದು ಇಟ್ಟು ನೋಡ್ರಿ.

ಸ್ಟ್ರಾಂಗ್ ಹೈಬ್ರಿಡ್, ಸೇಡಂ ರೋಡ್:
ಗಾಡಿ ತಗೊಳ್ಳೋದು ತೊಗರಿ ಚೀಲ ಹೇರಾಕ ಅಲ್ರಿ. ಅದಕ್ಕ ಟಂಟಂ ಅದ.

ಮೈಲ್ಡ್ ಸಾಕು, ಯಾದಗಿರಿ:
ತೊಗರಿ ಊರಾಗ ಕುಂತು ತೊಗರಿ ಚೀಲಕ್ಕ ನಗ್ತೀರಿ. ಸುಗ್ಗ್ಯಾಗ ನೋಡ್ತೀನಿ ನಿಮ್ಮ ಗಾಡಿ.

ಕೇಳಿದವ, ಕಲಬುರಗಿ:
ಸಾಕು ಮಾಡ್ರಿ ಅಣ್ಣಾರ. ಗುರುವಾರ ಮಧ್ಯಾಹ್ನ 2ಕ್ಕ, 40 ಕಿ.ಮೀ. ಒಪ್ಪಿಸೀನಿ, ಪೆಟ್ರೋಲ್ ನಂದೇ. ಸೂಟ್‌ಕೇಸೂ ಒಯ್ತೀನಿ. ಜಾಳಗಿ ಎಡಕ್ಕ ಇರ್ತದೋ ಬಲಕ್ಕೋ, ಅದೊಂದು ಹೇಳ್ರಿ.

ಆಟೋ ಎಲೆಕ್ಟ್ರಿಷಿಯನ್, ಬೀದರ್:
ಮಾಡೆಲ್ಲಿಗೊಂದು ಕಡಿ ಇರ್ತದ. ನಾ ಹೇಳಂಗಿಲ್ಲ, ಸೇಲ್ಸಿನವಗೇ ಕೇಳ್ರಿ. ಪರೀಕ್ಷೆ ಅವಂದೂ ಆಗಲಿ.